ಹನ್ನೆರಡು ಅಂಕಿಯ ಕಾವಲು

ಗದಗದ ಆ ರಕ್ತಪರೀಕ್ಷೆಯ ಲ್ಯಾಬಿನ ಶಟರ್ ಇನ್ನೂ ಅರ್ಧವಷ್ಟೇ ಮೇಲೆದ್ದಿದೆ. ಪ್ರಿಯಾಂಕಾ ಬಗ್ಗಿ ಒಳಗೆ ನುಸುಳುತ್ತಾರೆ. ಬೆಟಗೇರಿಯಿಂದ ಮೊದಲ ಆಟೊ ಹಿಡಿದು ಬಂದವರು ಚಹಾ ಕೂಡ ಕುಡಿಯದೆ ಕಂಪ್ಯೂಟರ್ ಮುಂದೆ ಕೂತು, ಫಿಲ್ಟರ್ ತಡೆದ ಇ-ಮೇಲ್‌ಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಇವತ್ತು ಭಾನುವಾರ. ಬರಲು ಯಾರೂ ಹೇಳಿಲ್ಲ.

"ನನ್ನ ಮಗಳು ಕಂಪ್ಯೂಟರ್ ನೋಡ್ತಾಳ್ರಿ" ಎನ್ನುತ್ತಾರೆ ತಾಯಿ ದುರಗವ್ವ. ಅದಕ್ಕಿಂತ ಹೆಚ್ಚು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಲ್ಯಾಬಿನಿಂದ ಹೊರಡುವ ಪ್ರತಿ ಮೇಲನ್ನೂ ಫಿಲ್ಟರ್ ಎಂಬ ತಂತ್ರಾಂಶ ಓದುತ್ತದೆ. ರೋಗಿಯ ಆಧಾರ್ ಸಂಖ್ಯೆ ಕಂಡವರ ಪಾಲಾಗಬಾರದೆಂದು, ಹನ್ನೆರಡು ಅಂಕಿ ಸಾಲಾಗಿ ಕಂಡರೆ ತಡೆಯುತ್ತದೆ. ಏನನ್ನು ಹಿಡಿಯಬೇಕು, ಏನನ್ನು ಬಿಡಬೇಕು ಎಂಬ ನಿಯಮ ಬರೆಯುವುದು, ಅದು ಕೆಟ್ಟಾಗ ಸರಿಮಾಡುವುದು ಪ್ರಿಯಾಂಕಾ ಕೆಲಸ. ಎಲ್ಲ ಸರಿ ಇದ್ದ ದಿನ ಅವರ ನೆನಪು ಯಾರಿಗೂ ಆಗುವುದಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಅವರು ಆ ನಿಯಮವನ್ನು ಬದಲಿಸಿದರು. "ಆಧಾರ್ ಕಾರ್ಡಿನ್ಯಾಗ ನಾಕ್ ನಾಕ್ ಅಂಕಿಗೆ ಜಾಗ ಬಿಟ್ಟಿರ್ತಾರಲ್ರಿ. ಹಂಗ ಬರದದ್ದು ಫಿಲ್ಟರಿಗೆ ಕಾಣ್ತಿರಲಿಲ್ಲ. ನಡುವ ಜಾಗ ಇದ್ರೂ ಹಿಡೀಲಿ ಅಂತ ಮಾಡಿದ್ನಿ. ಪರೀಕ್ಷಾನೂ ಮಾಡಿದ್ನಿ. ಎಲ್ಲಾ ನಮ್ಮ ಕಡಿ ಹತ್ತಂಕಿ ಫೋನ್ ನಂಬರ್ ಹಾಕಿ ನೋಡಿದ್ನಿ. ಸೌದಿ ನಂಬರ್ ತಲಿಗೇ ಬರ್ಲಿಲ್ರಿ."

ಲಕ್ಷ್ಮೇಶ್ವರದ ಕಡೆ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ವ್ಯವಹಾರಕ್ಕೆ ಸೌದಿಯಲ್ಲಿ ದುಡಿಯುವ ತಮ್ಮನದೋ ಭಾವನದೋ ನಂಬರ್ ಕೊಡುವುದು ರೂಢಿ. ಡಾಕ್ಟರ ಜೊತೆ ಮಾತಾಡುವವರು, ಮುಂದೇನು ಎಂದು ಹೇಳುವವರು ಅವರೇ. ದೇಶದ ಕೋಡ್ ಸೇರಿದರೆ ಆ ನಂಬರಿಗೂ ಹನ್ನೆರಡೇ ಅಂಕಿ.

ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ಚೀಲ ಹೊರುತ್ತಿದ್ದ ಅಬ್ದುಲಗನಿಯ ರಕ್ತದಲ್ಲಿ ಸೋಂಕು ಹರಡಿತ್ತು. ಗದಗದ ಈ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು, ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದರು. ಯಾವ ಔಷಧಕ್ಕೆ ಸೋಂಕು ಬಗ್ಗುತ್ತದೆ ಎಂಬ ವರದಿ ಅದೇ ಶನಿವಾರ ಸಂಜೆ ಸಿದ್ಧವಾಯಿತು. ವರದಿಯ ಮೇಲೆ ಅವರ ತಮ್ಮ ಶಾಹಬಾಜನ ಸೌದಿ ನಂಬರ್, ನಡುನಡುವೆ ಜಾಗ ಬಿಟ್ಟು. ಆಸ್ಪತ್ರೆಗೆ ಹೊರಟ ಆ ಮೇಲನ್ನು ಫಿಲ್ಟರ್ ತಡೆಯಿತು. ಲ್ಯಾಬಿನ ಪರದೆ ಮಾತ್ರ 'ಕಳಿಸಲಾಗಿದೆ' ಎಂದೇ ತೋರಿಸಿತು. ಭಾನುವಾರ ಆಸ್ಪತ್ರೆಯವರು ಫೋನ್ ಮಾಡಿದಾಗ ಕೌಂಟರಿನ ಶಫೀಕ ಮನೆಯಿಂದಲೇ, "ನಿನ್ನೇನ ಕಳಿಸೇವ್ರಿ" ಅಂದುಬಿಟ್ಟ. ಅವನದೂ ಸುಳ್ಳಲ್ಲ.

ಸೋಮವಾರ ಬೆಳಗ್ಗೆ ಪ್ರಿಯಾಂಕಾ ಕಣ್ಣಿಗೆ ಅದು ಬಿತ್ತು. ಕೂಡಲೇ ಕಳಿಸಿ, ಫೋನೂ ಮಾಡಿದರು. ಔಷಧ ಬದಲಾಯಿತು. ಮರುದಿನ ಅಬ್ದುಲಗನಿ ತೀರಿಕೊಂಡರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದರೆ ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಇಷ್ಟು ದೊಡ್ಡ ಲ್ಯಾಬಿನಲ್ಲಿ ತಡೆದ ಮೇಲ್ ನೋಡಲು ರಜೆಯ ದಿನ ಒಬ್ಬರೂ ಇರಲಿಲ್ಲವಲ್ಲ!

ನಿಯಮವೇನೋ ಅಂದೇ ಸರಿಯಾಯಿತು. ತೀರಿಕೊಂಡವರ ಮನೆಯವರಿಗೆ ಏನೂ ಹೇಳಬೇಡ ಎಂದರು ಲ್ಯಾಬಿನ ಮೇಲಿನವರು. ಪ್ರಿಯಾಂಕಾ ಕೇಳಲಿಲ್ಲ, ಲಕ್ಷ್ಮೇಶ್ವರದ ಬಸ್ ಹತ್ತಿದರು. ಅಬ್ದುಲಗನಿಯ ಹೆಂಡತಿ ಸಾಬೀರಾ ಬಾಗಿಲಲ್ಲೇ ಕೂರಿಸಿಕೊಂಡು ಎಲ್ಲ ಕೇಳಿಸಿಕೊಂಡರಂತೆ. ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಮೈದುನನ ನಂಬರ್ ಬರಸಿದಾಕಿ ನಾನ ಯವ್ವಾ. ಇಲ್ಲೀದು ಕೊಟ್ಟಿದ್ರ ಅವರು ಉಳೀತಿದ್ರೇನು?"

"'ಇಲ್ರಿ ಅಕ್ಕಾರ, ತಪ್ಪು ನಂದು' ಅಂತ ಎಷ್ಟ್ ಹೇಳಿದ್ರೂ ನಂಬಲಿಲ್ರಿ" ಎನ್ನುವಾಗ ಪ್ರಿಯಾಂಕಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಎರಡು ಸಲ ಮತ್ತೆ ಹೋಗಿ ಬಂದಿದ್ದಾರೆ. ಸಾಬೀರಾ ಚಹಾ ಕೊಡುತ್ತಾರೆ, ಅದೇ ಪ್ರಶ್ನೆ ಕೇಳುತ್ತಾರೆ.

ನಿಮ್ಮ ಹೆಸರು ಪತ್ರಿಕೆಯಲ್ಲಿ ಹಾಕಲೇ ಎಂದೆ. ಕೆಲಸಕ್ಕೆ ಕುತ್ತು ಬಂದೀತು ಎಂದೂ ಎಚ್ಚರಿಸಿದೆ.

"ಹಾಕ್ರಿ. ಸಾಬೀರಾ ಅಕ್ಕಾರಿಗೆ ಮಗಳು ಮಹೆಕ ಪೇಪರ್ ಓದಿ ಹೇಳ್ತಾಳ. ನಾ ಹೇಳಿದ್ದು ನಂಬಲಿಲ್ಲ, ಪೇಪರಿನ್ಯಾಗ ಬಂದ್ರ ನಂಬ್ಯಾರು. ನಂಬರ್ ಕೊಟ್ಟಾಕಿದು ತಪ್ಪಲ್ಲ, ನಿಯಮ ಬರದಾಕಿದು ಅಂತ ಸ್ವಚ್ಛ ಬರೀರಿ."