ಪ್ಯಾಕೆಟ್ಟಿನ ಮೇಲಿನ ಅಜ್ಜಿ

ಗುನ್ಸಾನ್ ಬಂದರಿನ ದೊಕ್‌ಸಿಮ್ ಅಜ್ಜಿಗೆ ಅಡುಗೆ ಬರುತ್ತಿರಲಿಲ್ಲ. ಇದೇನು ಗುಟ್ಟಲ್ಲ, ಓಣಿಗೆಲ್ಲ ಗೊತ್ತು. ಹರೆಯದಲ್ಲಿ ಬಸ್ ಕಂಡಕ್ಟರಾಗಿ ಬಾಗಿಲಿಗೆ ಜೋತುಬಿದ್ದು ಊರ ಹೆಸರು ಕೂಗಿದವಳೇ ಹೊರತು ಸೌಟು ಹಿಡಿದವಳಲ್ಲ. ಮನೆಯ ಒಲೆ ಗಂಡ ಚಾನ್‌ಬೊಕ್‌ನದು. ಮೀನುದೋಣಿಗಳಲ್ಲಿ ಅಡುಗೆ ಮಾಡಿ ಪಳಗಿದ ಆತ ಏಡಿ ಸಾರಿಗೆ ಇಟ್ಟನೆಂದರೆ ನೆರೆಯವರಿಗೆ ಇದ್ದಕ್ಕಿದ್ದಂತೆ ಇವರ ಕ್ಷೇಮಸಮಾಚಾರ ನೆನಪಾಗುತ್ತಿತ್ತು. ಬಟ್ಟಲು ಹಿಡಿದೇ ವಿಚಾರಿಸಲು ಬರುತ್ತಿದ್ದರು. ಆತ ತೀರಿಕೊಂಡ ಮೇಲೆ ಅಜ್ಜಿ ವೃದ್ಧರ ಕೂಟದಲ್ಲಿ ಊಟ ಮಾಡುತ್ತಿದ್ದಳು.

ಒಂದು ದಿನ ಆ ಕೂಟಕ್ಕೆ ಆಹಾರದ ಕಂಪನಿಯೊಂದು ಬಂದು ಎಲ್ಲರಿಗೂ ಪುಕ್ಕಟೆಯಾಗಿ ಸಾವಿನ ಫೋಟೊ ತೆಗೆಸಿಕೊಟ್ಟಿತು. ಹೋದಾಗ ಹೂವಿನ ನಡುವೆ ಇಡಲು ಒಂದು ಲಕ್ಷಣವಾದ ಫೋಟೊ ಬೇಡವೇ? ಇಲ್ಲದಿದ್ದರೆ ಮಕ್ಕಳು ಗುರುತಿನ ಚೀಟಿಯ ಕಳ್ಳಮುಖವನ್ನೇ ದೊಡ್ಡದು ಮಾಡಿಸಿ ಇಟ್ಟುಬಿಡುತ್ತಾರೆ. ಅಜ್ಜಿ ರೇಷ್ಮೆ ಉಟ್ಟು, ನಕ್ಕು, ತೋರಿಸಿದ ಕಡೆ ಸಹಿ ಹಾಕಿ ಬಂದಳು. ಫೋಟೊ ಚೌಕಟ್ಟಿನೊಳಗೆ ಕೂತು ಮನೆಗೆ ಬಂತು. ಅದರದೇ ಇನ್ನೊಂದು ಪ್ರತಿ ಸಾರಿನ ಪ್ಯಾಕೆಟ್ಟಿನ ಮೇಲೆ ಕೂತು ಅಂಗಡಿಯ ಫ್ರಿಜ್ಜಿಗೆ ಬಂತು. ಕೆಳಗೆ ಅಚ್ಚಾಗಿತ್ತು: "ಏಡಿ ಸಾರು. ಈ ಅಜ್ಜಿಯ ಐವತ್ತು ವರ್ಷದ ಕೈರುಚಿ."

"ಲೇ ದೊಕ್‌ಸಿಮ್, ಸಾಯೋಕೆ ಮುಂಚೇನೇ ನಿನ್ನ ಐಸಲ್ಲಿ ಇಟ್ಟಿದಾರಲ್ಲೇ!" ಅಂದಳು ಕೂಟದ ಗೆಳತಿ ಹ್ವಾಜಾ. ಕೂಟವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಜ್ಜಿಗೆ ಮಾತ್ರ ಮೈಯೆಲ್ಲ ಉರಿಯಿತು. "ಮುಖದ ಮಾತು ಹಾಳಾಗಿ ಹೋಗ್ಲಿ. ಕೈರುಚಿ ನಮ್ಮೆಜಮಾನ್ರದು ಕಣೇ. ಸತ್ತೋರು ಎದ್ದುಬಂದು 'ಅದು ನಂದು' ಅಂತ ಕೇಳಕ್ಕಾಗುತ್ತಾ? ಕಟ್ಕೊಂಡ ಹೆಂಡ್ತೀನೇ ಅವರದ್ದನ್ನ ಕದ್ದಂಗಾಯ್ತಲ್ಲ!"

ಕಂಪನಿಗೆ ಫೋನು ಮಾಡಿ ಬೈದಳು. ಜಾಹೀರಾತು ನೋಡಿಕೊಳ್ಳುವ ತಾಕ್ ಎಂಬ ಹುಡುಗ ಪೇರಲೆ ಬಣ್ಣದ ಟೈ ಕಟ್ಟಿಕೊಂಡು, ಹಣ್ಣಿನ ಬುಟ್ಟಿ ಹೊತ್ತು ಬಂದ.

"ಅಜ್ಜಿ, ಜಾಹೀರಾತಲ್ಲಿ ಅಜ್ಜಿ ಅಂದ್ರೆ ನೀವೇ ಅಂತ ಅರ್ಥ ಅಲ್ಲ. ಒಟ್ಟಾರೆ ಅಜ್ಜಿ."

"ಒಟ್ಟಾರೆ ಅಜ್ಜಿಗೆ ನನ್ನ ಮಚ್ಚೆ ಯಾಕಪ್ಪಾ?"

ತಾಕ್ ಮಚ್ಚೆ ನೋಡಿದ. ಬುಟ್ಟಿ ಕೆಳಗಿಟ್ಟು, "ನೀವೇ ಟೀವಿಗೆ ಬಂದು ಒಂದು ಮಾತು ಹೇಳಿಬಿಡಿ ಅಜ್ಜಿ" ಅಂದ. ರುಚಿಯಾಗಿದೆ ಅನ್ನಲಿ ಎಂದು ಅವನ ಲೆಕ್ಕ. ಅಜ್ಜಿ ಒಪ್ಪಿದಳು. ಅವಳ ಲೆಕ್ಕ ಬೇರೆ ಇತ್ತು.

ಟೀವಿಯಲ್ಲಿ ಸಾಮಾನು ಮಾರುವ ಕಾರ್ಯಕ್ರಮ, ನೇರಪ್ರಸಾರ. ಸಾರು ಕುದಿಯುತ್ತಿತ್ತು. ಮಾರುವ ಹುಡುಗಿ ಹಲ್ಲು ಕಿರಿದು ಕೇಳಿದಳು, "ಅಜ್ಜೀ, ಈ ರುಚಿಯ ಗುಟ್ಟೇನು?"

"ನಂಗೇನು ಗೊತ್ತಮ್ಮ? ನಾನು ನೀರು ಕಾಯಿಸಿದ್ರೂ ತಳ ಹಿಡಿಯುತ್ತೆ. ಅಡುಗೆ ಮಾಡ್ತಿದ್ದೋರು ನಮ್ಮೆಜಮಾನ್ರು. ಈ ಸಾರು ಯಾರು ಮಾಡಿದ್ರೋ, ಅವರನ್ನೇ ಕೇಳು."

ಹುಡುಗಿಯ ಹಲ್ಲು ಹಾಗೇ ನಿಂತಿತು. ತಾಕ್ ಗೋಡೆಗೆ ಒರಗಿಕೊಂಡ. ಕಾರ್ಯಕ್ರಮ ಮುಗಿಯುವುದರೊಳಗೆ ಸರಕೆಲ್ಲ ಖಾಲಿ.

ಮಾರನೆಯ ದಿನವೇ ತಾಕ್ ಇನ್ನೂ ದೊಡ್ಡ ಬುಟ್ಟಿ ತಂದ. "ಅಜ್ಜಿ, ನಿಜಕ್ಕೆ ಇಷ್ಟು ಗಿರಾಕಿ ಇದಾರೆ ಅಂತ ನಮ್ಮ ಕಂಪನಿಗೆ ಗೊತ್ತೇ ಇರ್ಲಿಲ್ಲ!" ಹೊಸ ಪ್ಯಾಕೆಟ್ಟಿನ ನಮೂನೆ ತೋರಿಸಿದ: "ಸುಳ್ಳಾಡದ ಅಜ್ಜಿ ಒಪ್ಪಿದ್ದು. ತಾತನ ಅಸಲಿ ಕೈರುಚಿ." ತಾತನ ಫೋಟೊದ ಜಾಗ ಮಾತ್ರ ಖಾಲಿ ಇತ್ತು. ಗೋಡೆಯ ಮೇಲಿದ್ದ ಚಾನ್‌ಬೊಕ್‌ನ ಸಾವಿನ ಫೋಟೊ ಕಡೆ ಕಣ್ಣು ಹಾಯಿಸಿ, "ಅದೊಂದು ಕೊಟ್ರೆ…" ಅಂದ.

"ಒಳಗಿನ ಸಾರು ಬದಲಾಯ್ತಾ?"

"ಸಾರು ಅದೇ ಅಜ್ಜಿ. ಮೇಲಿನ ಮಾತು ಮಾತ್ರ ನಿಜ ಮಾಡಿದೀವಿ."

"ಹಂಗಾ? ಅವರನ್ನೇ ಕೇಳಿ ಹೇಳ್ತೀನಿ, ನಡಿ."

ಆ ವಾರವೇ ಚಾನ್‌ಬೊಕ್‌ನ ತಿಥಿ. ಅಜ್ಜಿ ಪ್ಯಾಕೆಟ್ಟು ಒಡೆದು, ಬಿಸಿ ಮಾಡಿ, ಫೋಟೊದ ಮುಂದೆ ಇಟ್ಟಳು.

"ಅಮ್ಮಾ, ಎಡೆಗೆ ಖಾರ ಇಟ್ರೆ ಹಿರಿಯರು ಬರಲ್ಲ" ಅಂದ ಮಗ.

"ನಿಮ್ಮಪ್ಪ ಖಾರ ಇಲ್ದೆ ಯಾವತ್ತು ಬಂದಿದ್ರೋ?"

ಅನ್ನದಲ್ಲಿ ಚಮಚ ನೆಟ್ಟು, ಸತ್ತವರು ನೆಮ್ಮದಿಯಾಗಿ ಉಣ್ಣಲಿ ಎಂದು ಎಲ್ಲರೂ ಹೊರಬಂದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಮಗ ಪದ್ಧತಿಯಂತೆ ಕೆಮ್ಮಿ ಬಾಗಿಲು ತೆರೆದ. ಅಜ್ಜಿ ನೇರವಾಗಿ ಹೋಗಿ ಆ ಸಾರನ್ನು ಒಂದು ಚಮಚ ಬಾಯಿಗಿಟ್ಟಳು. ಉಪ್ಪಿತ್ತು, ಖಾರವಿತ್ತು, ಏಡಿಯೂ ಇತ್ತು. ಗಂಡ ಇರಲಿಲ್ಲ. ಇಷ್ಟು ವರ್ಷ ಉಂಡವಳು ಒಂದು ದಿನವಾದರೂ ಒಲೆಯ ಹತ್ತಿರ ನಿಂತು ನೋಡಲಿಲ್ಲವಲ್ಲ ಎಂದು ಅವಳು ಮಕ್ಕಳ ಮುಂದೆಯೇ ಅತ್ತಳು.

ಬೆಳಿಗ್ಗೆ ತಾಕ್‌ನ ಫೋನು. "ತಾತ ಏನಂದ್ರು ಅಜ್ಜಿ?"

"ಬಂದಿದ್ರು. ವಾಸನೆ ನೋಡಿ ಎದ್ದುಹೋದ್ರು."

"ಅಜ್ಜಿ, ಹಂಗನ್ಬೇಡಿ…"

"ಕೇಳು ಮಗಾ. ಮುಖ ನಂದು, ದಡ್ಡತನದಲ್ಲಿ ಸಹಿ ಹಾಕಿ ಕೊಟ್ಟೆ, ಇಟ್ಕೋ. ಕೈರುಚಿ ಅವರದು. ಹೋಗ್ತಾ ಜೊತೇಲೇ ತಗೊಂಡೋದ್ರು. ನಂಗೇ ಬಿಟ್ಟುಹೋಗ್ಲಿಲ್ಲ, ನಿಂಗೆಲ್ಲಿಂದ ತಂದ್ಕೊಡ್ಲಿ?"