ಚಟ್ನಿಪುಡಿ ಡಬ್ಬಿಯೊಳಗಿನ ಪತ್ರ

ಪಾಲೋ ಆಲ್ಟೋದ ಒಂದು ಗ್ರಂಥಾಲಯದಲ್ಲಿ ನನಗೆ ವಾರಕ್ಕೆ ಮೂರು ದಿನ ಕೆಲಸ. ಹಳೆಯ ಕೈಬರಹದ ಕಾಗದಗಳನ್ನು ಓದಿ, ಅಕ್ಷರ ಬಿಡಿಸಿ, ಕಂಪ್ಯೂಟರಿಗೆ ಹತ್ತಿಸುವುದು. ಎರಡು ವರ್ಷಗಳಿಂದ ನನ್ನ ಮೇಜಿನ ಮೇಲಿದ್ದದ್ದು ಹದಿನೆಂಟನೆಯ ಶತಮಾನದ ಒಬ್ಬ ಇಂಗ್ಲಿಷ್ ವೈದ್ಯನಿಗೆ ರೋಗಿಗಳು ಬರೆದ ಪತ್ರಗಳು. ಆಗ ದೂರದೂರಿನ ರೋಗಿಗಳು ಎಷ್ಟೋ ಸಲ ವೈದ್ಯನ ಮುಖವನ್ನೇ ನೋಡುತ್ತಿರಲಿಲ್ಲ. ನೋವು ಎಲ್ಲಿ, ಯಾವ ಹೊತ್ತಿನಲ್ಲಿ ಹೆಚ್ಚು, ಏನು ತಿಂದರೆ ಒಗ್ಗುವುದಿಲ್ಲ, ನಿದ್ದೆ ಹೇಗೆ, ಎಲ್ಲವನ್ನೂ ಬರೆದು ಅಂಚೆಗೆ ಹಾಕುತ್ತಿದ್ದರು. ವೈದ್ಯ ಅದನ್ನು ಓದಿಯೇ ರೋಗ ಊಹಿಸಿ, ಔಷಧ ಬರೆದು ಕಳಿಸುತ್ತಿದ್ದ.

ಒಂದು ವಾರ ನಾನು ಬಿಡಿಸುತ್ತಿದ್ದದ್ದು ಒಬ್ಬ ಹೆಂಗಸಿನ ಪತ್ರ. ಕಾಗದ ಉಳಿಸಲು ಅಂಚಿನಲ್ಲೂ ಇರುವೆಸಾಲಿನ ಹಾಗೆ ಬರೆದಿದ್ದಳು. ಹೊಟ್ಟೆಯಲ್ಲಿ ಗಂಟು, ವರ್ಷದಿಂದ ನೋವು. ಅವಳ ಗಂಡನೇ ಅವಳೂರಿನ ವೈದ್ಯ. ಆದರೂ ಅವನಿಗೆ ಹೇಳಿಲ್ಲ. ಉತ್ತರವನ್ನು ದಯವಿಟ್ಟು ತಂಗಿಯ ಮನೆಗೆ ಕಳಿಸಬೇಕು, ಗಂಡನಿಗೆ ಗೊತ್ತಾಗಬಾರದು ಎಂದು ಕೇಳಿಕೊಂಡಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಮನೆಯಲ್ಲೇ ವೈದ್ಯನಿರುವಾಗ ಮುಖ ಕಾಣದವನ ಮುಂದೆ ಹೊಟ್ಟೆ ಬಿಚ್ಚಿಡುವುದೆಂದರೆ ಗಂಡನಿಗೆ ಎಂಥ ಅವಮಾನ! ಇನ್ನೂರು ವರ್ಷದ ಹಿಂದೆ ಸತ್ತ ಆ ಗಂಡಸಿನ ಪಕ್ಷವನ್ನು ನಾನು ಅಷ್ಟು ಬೇಗ ವಹಿಸಿದ್ದಕ್ಕೆ ಕಾರಣವಿತ್ತು. ನಾನೂ ವೈದ್ಯೆ. ವೈದ್ಯೆಯಾಗಿದ್ದೆ ಎನ್ನುವುದು ಸರಿ.

ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ನನಗೊಬ್ಬ ಗೆಳತಿಯಿದ್ದಳು. ಐದು ವರ್ಷ ಹಾಸ್ಟೆಲಿನಲ್ಲಿ ಒಂದೇ ರೂಮು. ಮದುವೆಯಾಗಿ ಇಬ್ಬರೂ ವರ್ಷದ ಅಂತರದಲ್ಲಿ ಇಲ್ಲಿಗೆ ಬಂದೆವು. ಇಲ್ಲಿನ ಪರೀಕ್ಷೆಗಳಿಗೆ ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮೇಲೆ ಒಟ್ಟಿಗೇ ಓದಿದೆವು. ಅವಳಿಗೆ ಅರ್ಥವಾಗದ್ದನ್ನು ನಾನು ಹೇಳಿಕೊಡುತ್ತಿದ್ದೆ. ಇಬ್ಬರೂ ಪಾಸಾದೆವು, ನನಗೆ ಅವಳಿಗಿಂತ ಹೆಚ್ಚು ಅಂಕ. ಆದರೆ ಇಲ್ಲಿ ಪಾಸಾದ ಮೇಲೂ ಆಸ್ಪತ್ರೆಯೊಂದರಲ್ಲಿ ತರಬೇತಿ ಸಿಗದೆ ವೈದ್ಯವೃತ್ತಿ ಮಾಡುವಂತಿಲ್ಲ. ಅದರ ಸಂದರ್ಶನ ಶುರುವಾಗುವ ಹೊತ್ತಿಗೆ ನಾನು ಬಸುರಿ, ರಕ್ತಸ್ರಾವವಾಗಿ ಐದು ತಿಂಗಳು ಹಾಸಿಗೆ. ಮುಂದಿನೆರಡು ವರ್ಷ ಅರ್ಜಿ ಹಾಕಿದರೂ ಯಾರೂ ಕರೆಯಲಿಲ್ಲ. ಅವಳಿಗೆ ಮೊದಲ ಸಲವೇ ಸಿಕ್ಕಿತು. ಈಗ ಅವಳದು ನನ್ನ ಗ್ರಂಥಾಲಯದ ಪಕ್ಕದ ಸಿರಿವಂತರ ಊರು ಲಾಸ್ ಆಲ್ಟೋಸಿನಲ್ಲಿ ಮನೆ, ಅಲ್ಲೇ ಹತ್ತಿರ ಕ್ಲಿನಿಕ್ಕು. ನಾವಿರುವುದು ಕೊಲ್ಲಿಯಾಚೆ, ಒಂದು ಗಂಟೆ ದೂರದ ಡಬ್ಲಿನ್ ಎಂಬ ಊರಿನಲ್ಲಿ.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಮ್ಮೆ ಗಣೇಶನ ಹಬ್ಬಕ್ಕೆ ನಾಲ್ಕಾರು ಮನೆಯವರು ಸೇರಿದ್ದಾಗ, ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ತಮ್ಮ ರಕ್ತಪರೀಕ್ಷೆಯ ರಿಪೋರ್ಟಿದ್ದ ಫೋನನ್ನು ನನ್ನ ಮೂಗಿನ ಮುಂದೆಯೇ ಚಾಚಿ ಆಚೆ ಕೂತಿದ್ದ ಅವಳಿಗೆ ಕೊಟ್ಟರು. ದಾಟಿಹೋಗುವಷ್ಟರಲ್ಲೇ ನಾನು ಓದಿಯಾಗಿತ್ತು, ಥೈರಾಯಿಡ್ ಕಡಿಮೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು, ನಿಧಾನವಾಗಿ ಓದಿ, ಅದನ್ನೇ ಹೇಳಿದಳು. "ಎಷ್ಟು ಚೆನ್ನಾಗಿ ಹೇಳಿದ್ರಮ್ಮ" ಎಂದು ಅವರು ಕೈಮುಗಿದರು. ನಾನು ಪುಳಿಯೋಗರೆಯಲ್ಲಿ ಕಡಲೆಕಾಯಿ ಬೀಜ ಆರಿಸುತ್ತಾ ಕೂತೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ, ಮೂರು ವರ್ಷವಾಯಿತು. ಮಂಡ್ಯದ ಹತ್ತಿರದ ಊರೊಂದರಲ್ಲಿ ಸ್ಕೂಲ್ ಮೇಡಂ ಆಗಿದ್ದವಳು. ಈಗಲೂ ಬೋರ್ಡಿನ ಮೇಲೆ ಬರೆಯುವ ಹಾಗೆ ದುಂಡಗೆ ಬರೆಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಅವಳು ವಾಕಿಂಗು ಬಿಟ್ಟಳು. ದೇವಸ್ಥಾನಕ್ಕೆ ಕರೆದರೆ ಮಂಡಿನೋವು ಅಂದಳು. ಮಂಡಿ ಮುಟ್ಟಿ ನೋಡಿದೆ, ಎಣ್ಣೆ ತಿಕ್ಕಿದೆ. ಅಷ್ಟಕ್ಕೇ ಸುಮ್ಮನಾದೆ.

ಅದೇ ದಿನಗಳಲ್ಲಿ ಅಮ್ಮನಿಗೆ ನನ್ನ ಗೆಳತಿಯ ಮೇಲೆ ಪ್ರೀತಿ ಉಕ್ಕತೊಡಗಿತು. ನಾನು ಕೆಲಸಕ್ಕೆ ಹೊರಟರೆ ಕೈಗೊಂದು ಸ್ಟೀಲ್ ಡಬ್ಬಿ ಕೊಡುತ್ತಿದ್ದಳು.

"ಚಟ್ನಿಪುಡಿ ಪುಟ್ಟಿ. ಹೋಗ್ತಾ ಡಾಕ್ಟ್ರಮ್ಮಂಗೆ ಕೊಟ್ಬಿಡು. ಪಾಪ, ಅವಳಿಗೆಲ್ಲಿ ಟೈಮು."

"ನಮ್ಮನೇಲೇ ಪುಡಿ ಖಾಲಿಯಾಗಿದೆಯಲ್ಲಮ್ಮ?"

"ನಿಂಗೆ ನಾಳೆ ಮಾಡ್ಕೊಡ್ತೀನಿ."

ಆ ನಾಳೆ ಬರಲಿಲ್ಲ. ನಾಲ್ಕು ಸಲ ಡಬ್ಬಿ ಹೋಯಿತು. ನಾಲ್ಕು ಸಲವೂ ಗೆಳತಿ ಅದನ್ನು ತೊಳೆದು, ಬಾದಾಮಿಯನ್ನೋ ಚಾಕೊಲೇಟನ್ನೋ ತುಂಬಿಸಿ ವಾಪಸ್ಸು ಕೊಟ್ಟಳು. ಅಮ್ಮ ಅದನ್ನು ತನ್ನ ಕೋಣೆಗೆ ತೆಗೆದುಕೊಂಡು ಹೋಗಿ ತೆರೆಯುತ್ತಿದ್ದಳು. ಕೊಲ್ಲಿ ದಾಟುವ ಡಂಬಾರ್ಟನ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಸೀಟಿನ ಆ ಡಬ್ಬಿ ನೋಡಿ ನನ್ನ ಹೊಟ್ಟೆ ನಿಜವಾಗಿಯೂ ಉರಿಯುತ್ತಿತ್ತು. ಬಿಳಿ ಕೋಟು ಅವಳದಾಯಿತು, ಕ್ಲಿನಿಕ್ಕು ಅವಳದಾಯಿತು, ಈಗ ನನ್ನಮ್ಮನ ಕೈರುಚಿಯೂ ಅವಳಿಗೇ.

ಐದನೆಯ ಡಬ್ಬಿ ಹೋದದ್ದು ಆ ವೈದ್ಯನ ಹೆಂಡತಿಯ ಪತ್ರ ಬಿಡಿಸುತ್ತಿದ್ದ ವಾರ. ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಬೆಂಚಿನ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿದೆ. ಯಾಕೋ ತಡೆಯಲಾಗಲಿಲ್ಲ. ಕಾರಿಗೆ ಹೋಗಿ ಆ ಸ್ಟೀಲ್ ಡಬ್ಬಿ ತಂದೆ. ಎರಡು ಚಮಚ ತೆಗೆದುಕೊಂಡರೆ ಅವಳಿಗೇನೂ ಗೊತ್ತಾಗುವುದಿಲ್ಲ, ಗೊತ್ತಾದರೂ ಆಗಲಿ. ಚಮಚ ಕೆಳಗಿಳಿಸಿದಾಗ ಏನೋ ತಗುಲಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ. ಗೆರೆ ಹಾಕಿದ ನೋಟ್‌ಬುಕ್ಕಿನ ಎರಡು ಹಾಳೆ, ಅಮ್ಮನ ದುಂಡು ಅಕ್ಷರ.

ಓದಬಾರದಿತ್ತು. ಬೇರೆಯವರ ಪತ್ರ ಓದುವುದೇ ನನ್ನ ಕೆಲಸವಾಗಿದ್ದರಿಂದಲೋ ಏನೋ, ಕೈ ತಾನಾಗಿ ಬಿಡಿಸಿತು.

"ಚಿರಂಜೀವಿ ಸೌಭಾಗ್ಯವತಿ ಡಾಕ್ಟ್ರಮ್ಮನಿಗೆ ಆಶೀರ್ವಾದಗಳು" ಎಂದು ಶುರುವಾಗಿತ್ತು. "ಹೋದ ಸಲ ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಷ್ಟಿಲ್ಲ. ಸಂಜೆಯಾಗುತ್ತಾ ಕೆಳಗೆ ಭಾರ ಜಗ್ಗಿದಂತಾಗುತ್ತದೆ. ಮಲಗಿದರೆ ಒಳಕ್ಕೆ ಹೋಗುತ್ತದೆ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ, ಅದಕ್ಕೇ ಹೊರಗೆ ಹೋಗುವುದಿಲ್ಲ."

ಗರ್ಭಕೋಶ ಜಾರಿದೆ. ಮೂರನೆಯ ಸಾಲಿಗೇ ನನಗೆ ತಿಳಿಯಿತು. ನಾಚಿಕೆಯಾಗುವ ಮಾತು, ಆದರೆ ಬರೆಯುತ್ತೇನೆ: ಅಮ್ಮನ ನೋವಿಗಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು, ನಾಲ್ಕು ಪತ್ರ ಓದಿದವಳು ಇದನ್ನು ಕಂಡುಹಿಡಿದಿದ್ದಾಳೋ ಇಲ್ಲವೋ ಎಂಬ ಲೆಕ್ಕ.

ಎರಡನೆಯ ಹಾಳೆಯಲ್ಲಿ ಹೀಗಿತ್ತು. "ಯಾವಾಗಿನಿಂದ ಎಂದು ಕೇಳಿದ್ದೀಯ. ನನ್ನ ಮಗಳನ್ನು ಹೆತ್ತಾಗಿನಿಂದ. ಎರಡು ದಿನ ನೋವು ತಿಂದೆ. ಮಗು ಅಡ್ಡ ನಿಂತಿತ್ತು. ಸೂಲಗಿತ್ತಿ ಮಂಡಿಯೂರಿ ಹೊಟ್ಟೆ ಒತ್ತಿದಳು. ಆಮೇಲೆ ನಾನು ಮೊದಲಿನಂತೆ ಆಗಲಿಲ್ಲ. ವಯಸ್ಸಾದ ಮೇಲೆ ಹೆಚ್ಚಾಗಿದೆ. ಇದು ಅವಳಿಗೆ ಗೊತ್ತಾಗುವುದು ಬೇಡ. ತನ್ನಿಂದಲೇ ಹೀಗಾಯಿತು ಅಂದುಕೊಳ್ಳುತ್ತಾಳೆ. ಮೊದಲೇ ಅವಳಿಗೆ ತನ್ನ ಮೇಲೆ ತನಗೆ ಸಮಾಧಾನವಿಲ್ಲ."

ನಾನು ಹುಟ್ಟಿದ ಕತೆಯನ್ನು ಅಮ್ಮ ನನಗೆ ಎಂದೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ "ಎಲ್ಲರ ಹಾಗೇ ಹುಟ್ದೆ" ಎನ್ನುತ್ತಿದ್ದಳು. ಅದು ಈಗ ಇನ್ನೊಬ್ಬಳ ಹೆಸರಿಗೆ ಬರೆದಾಗಿತ್ತು. ಮೊಸರನ್ನ ಹಾಗೇ ಮುಚ್ಚಿಟ್ಟೆ.

ಸಂಜೆ ಲಾಸ್ ಆಲ್ಟೋಸಿಗೆ ಹೋಗಿ, ಬಾಗಿಲು ತೆರೆದ ಗೆಳತಿಯ ಕೈಗೆ ಡಬ್ಬಿಯನ್ನೂ ಪತ್ರವನ್ನೂ ಬೇರೆಬೇರೆಯಾಗಿ ಕೊಟ್ಟೆ. ಅವಳ ಮುಖ ಬಿಳಿಚಿಕೊಂಡಿತು.

"ಓದಿದ್ಯಾ?"

"ಓದ್ದೆ. ನನ್ನಮ್ಮ ಕಣೇ ಅವಳು. ನನ್ನ ಕೈಯಲ್ಲೇ ಕಳಿಸ್ತಿದ್ಲು, ನೀನೂ ಇಸ್ಕೊಳ್ತಿದ್ದೆ. ನಾನೇನು ಕೊರಿಯರ್ರಾ?"

"ಅವ್ರು ಗುಟ್ಟಾಗಿಡು ಅಂತ ಕೇಳಿದ್ರು. ನಾನು ಹೇಗೆ ಹೇಳ್ಲಿ? ನೀನಾಗಿದ್ರೆ ಹೇಳ್ತಿದ್ಯಾ?"

"ನಾನಾಗಿದ್ರೆ! ನಾನೆಲ್ಲಿ ಆದೆ? ನೀನಾದೆ. ಎಲ್ಲಾ ನಿಂಗೇ ಆಯ್ತಲ್ಲ."

ಇಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದೆ.

"ನಂಗೊತ್ತು ಕಣೇ ನಿಂಗೆ ಹಾಗನ್ಸತ್ತೆ ಅಂತ," ಅಂದಳು. "ಅದಕ್ಕೇ ನಿನ್ನ ಮುಂದೆ ಕೆಲಸದ ಮಾತೇ ಎತ್ತಲ್ಲ. ನೋಡು, ಮೊದಲ್ನೇ ಪತ್ರದಲ್ಲಿ ಉರಿ ಅಂತ ಮಾತ್ರ ಬರೆದಿದ್ರು. ನಾನು ಇನ್ಫೆಕ್ಷನ್ ಇರ್ಬೇಕು ಅಂದ್ಕೊಂಡೆ. ಪ್ರತಿ ಸಲ ಒಂದೊಂದು ಪ್ರಶ್ನೆ ಕೇಳ್ತಾ ಬಂದೆ. ಪರೀಕ್ಷೆ ಮಾಡ್ದೆ ಪತ್ರದಲ್ಲಿ ಔಷಧಿ ಕೊಡೋಕಾಗಲ್ಲ, ಮಗಳಿಗೆ ಹೇಳಿ, ಕರ್ಕೊಂಡು ಬರ್ತಾಳೆ ಅಂತ ನಾಲ್ಕು ಸಲವೂ ಬರೆದೆ. ಅವ್ರು ಒಪ್ಪಲಿಲ್ಲ."

"ಗರ್ಭಕೋಶ ಜಾರಿದೆ," ಅಂದೆ.

ಅವಳು ಅಲ್ಲೇ ನಿಂತು ಪತ್ರ ಓದಿ ತಲೆಯಾಡಿಸಿದಳು. "ಹೌದು. ನೀನು ಸರಿ." ಆ ಎರಡು ಪದ ಕೇಳಿ ನನ್ನೊಳಗೆ ಏನೋ ಕುಣಿಯಿತು. ಎಂಥ ಹೊತ್ತಿನಲ್ಲಿ ಎಂಥ ಸಂತೋಷ. ಹೊರಡುವಾಗ ಅವಳು, "ಓದಿದೀಯ ಅಂತ ಅವ್ರಿಗೆ ನೀನೇ ಹೇಳು. ನಾನು ಸುಳ್ಳು ಬರೆಯಲ್ಲ," ಅಂದಳು.

ಭಾನುವಾರ ಬೆಳಿಗ್ಗೆ ಹಿತ್ತಲಿನ ಕುಂಡದಿಂದ ಅಮ್ಮ ಮೆಂತ್ಯದ ಸೊಪ್ಪು ಕೀಳುತ್ತಿದ್ದಳು. ನೇರವಾಗಿ ಹೇಳಲು ಧೈರ್ಯ ಬರಲಿಲ್ಲ. ವೈದ್ಯನ ಹೆಂಡತಿಯ ಪತ್ರದಿಂದ ಶುರುಮಾಡಿದೆ. ಗಂಟು, ಗಂಡ, ತಂಗಿಯ ಮನೆಯ ವಿಳಾಸ. ಅಮ್ಮ ಬೇರಿನ ಮಣ್ಣು ಕೊಡವುತ್ತಾ ಕೇಳಿಸಿಕೊಂಡಳು.

"ಆಮೇಲೆ ವಾಸಿಯಾಯ್ತಾ ಅವಳಿಗೆ?"

"ಗೊತ್ತಿಲ್ಲಮ್ಮ. ಇರೋದು ಅದೊಂದೇ ಪತ್ರ."

"ಪಾಪ. ಗಂಡಂಗೆ ಬೇಜಾರಾಗತ್ತೆ ಅಂತ ಹೇಳಿರಲ್ಲ ಬಿಡು."

"ನಿನ್ನ ಪತ್ರನೂ ಓದ್ದೆ."

ಅಮ್ಮ ಸೊಪ್ಪನ್ನು ಸೆರಗಿನಲ್ಲಿ ಹಾಕಿಕೊಂಡು ಒಳಗೆ ಹೋದಳು. ಎರಡು ದಿನ ನನ್ನೊಡನೆ ಅಗತ್ಯವಿದ್ದಷ್ಟೇ ಮಾತು, ಊಟಕ್ಕೆ ಬಾ, ಒಲೆ ಆರಿಸು. ಹೈಸ್ಕೂಲಿಗೆ ಹೋಗುವ ನನ್ನ ಮಗಳಿಗೂ ಗೊತ್ತಾಗಿ, "ಮಾಮ್, ವಾಟ್ ಡಿಡ್ ಯು ಡೂ ಟು ಅಜ್ಜಿ?" ಎಂದು ಕೇಳಿದಳು.

ಮೂರನೆಯ ದಿನ ಅಮ್ಮ ತಾನಾಗಿಯೇ ನನ್ನ ಪಕ್ಕ ಬಂದು ಕೂತಳು. "ಎಲ್ಲಿಗೆ ಕರ್ಕೊಂಡು ಹೋಗ್ಬೇಕೋ ಹೋಗು. ಆದ್ರೆ ಡಾಕ್ಟ್ರಮ್ಮನೂ ಬರ್ಬೇಕು, ನೀನು ಹೊರಗಿರ್ಬೇಕು."

ಆಗಲಿ ಅಂದೆ. ಇನ್ನೇನು ಅನ್ನಲಿ?

ಗೆಳತಿ ಅರ್ಧ ದಿನ ರಜೆ ಹಾಕಿ ಬಂದಳು. ಹೆಂಗಸರ ರೋಗ ನೋಡುವ ಒಬ್ಬ ಹಿರಿಯ ವೈದ್ಯೆಯ ಬಳಿ ಅವಳೇ ಸಮಯ ಗೊತ್ತುಮಾಡಿದ್ದಳು. ಅಮ್ಮ ಅವಳ ತೋಳು ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಗೋಡೆಯ ಮೇಲಿನ ಗರ್ಭಕೋಶದ ಚಿತ್ರ ನೋಡುತ್ತಿದ್ದೆ. ಅದರ ಒಂದೊಂದು ಭಾಗದ ಹೆಸರೂ ನನಗೆ ಬಾಯಿಗೆ ಬರುತ್ತದೆ, ಅವಳಿಗೆ ಹಾಸ್ಟೆಲಿನಲ್ಲಿ ಕಲಿಸಿದ್ದೂ ನಾನೇ. ಆ ಹತ್ತು ನಿಮಿಷದಲ್ಲಿ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಜನ್ಮದಲ್ಲಿ ಪಟ್ಟಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗೆಳತಿ ಇಣುಕಿ, "ಬಾರೇ, ಕರೀತಿದಾರೆ," ಅಂದಳು. ಒಳಗೆ ಅಮ್ಮ ನೀಲಿ ಗೌನಿನಲ್ಲಿ ಚಿಕ್ಕವಳಾಗಿ ಕಂಡಳು. ಮೊದಲ ಹೆರಿಗೆ ಹೇಗಾಯಿತೆಂದು ವೈದ್ಯೆ ಕೇಳಿದ್ದರಂತೆ. ಗೆಳತಿ ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದಾಗ ಅಮ್ಮ ತಡೆದಿದ್ದಳು.

"ಇವಳು ಹೇಳ್ಲಿ," ಅಂದಳು ಅಮ್ಮ ನನ್ನ ಕಡೆ ಕೈ ತೋರಿಸಿ. "ಇವಳೂ ಅಲ್ಲೇ ಇದ್ಲಲ್ಲ."

ಗೆಳತಿಗೆ ನಗು ತಡೆಯಲಾಗಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಎರಡು ದಿನದ ನೋವು, ಅಡ್ಡ ನಿಂತ ಮಗು, ಸೂಲಗಿತ್ತಿ ಒತ್ತಿದ್ದು, ಎಲ್ಲವನ್ನೂ ವೈದ್ಯರಿಗೆ ಬೇಕಾದ ಮಾತಿನಲ್ಲಿ, ಒಂದೂ ಬಿಡದೆ ಹೇಳಿದೆ. "ಆರ್ ಯು ಎ ಫಿಸಿಷಿಯನ್ ಟೂ?" ಎಂದು ವೈದ್ಯೆ ಕೇಳಿದರು. ಇಲ್ಲ ಅಂದೆ.

ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡವೆಂದು ಸಿಲಿಕೋನಿನ ಒಂದು ಉಂಗುರ ಒಳಗಿಟ್ಟು, ಜಾರಿದ್ದನ್ನು ಮೇಲೆ ನಿಲ್ಲಿಸಿದರು. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿದರೆ ಸಾಕು. ವಾರದೊಳಗೆ ಅಮ್ಮ ಶೂ ಹುಡುಕಿಕೊಂಡು ವಾಕಿಂಗಿಗೆ ಹೊರಟಳು.

ನನ್ನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಗೆಳತಿಯ ಕೊರಳಲ್ಲಿ ಕ್ಲಿನಿಕ್ಕಿನ ಬ್ಯಾಡ್ಜು ಕಂಡರೆ ಈಗಲೂ ಕಣ್ಣು ಬೇರೆಡೆಗೆ ಹೊರಳುತ್ತದೆ. ಆದರೆ ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಒಮ್ಮೊಮ್ಮೆ ಕಷ್ಟದ ಕೇಸು ಬಂದಾಗ ಯಾರೆಂದು ಹೇಳದೆ ಲಕ್ಷಣಗಳನ್ನಷ್ಟೇ ಹೇಳಿ, "ನೀನೇನಂತೀಯ?" ಎಂದು ಕೇಳುತ್ತಾಳೆ. ಕರುಣೆಗೆ ಕೇಳುತ್ತಾಳೋ ಎಂಬ ಅನುಮಾನ ಬಂದರೂ ಉತ್ತರ ಹೇಳದೆ ಇರಲು ನನ್ನಿಂದಾಗುವುದಿಲ್ಲ.

ಮೊನ್ನೆ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತುವಾಗ, ಒಣಹುಲ್ಲಿನ ನಡುವೆ ಉಸಿರು ತೆಗೆದುಕೊಳ್ಳಲು ಕೂತ ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು. "ಎರಡು ದಿನ ನೋವು ತಿಂದ್ಮೇಲೆ ನಿನ್ನ ತಂದು ತೋರಿಸಿದ್ರು. ಇಲಿಮರಿ ಥರ ಇದ್ದೆ. ಇಷ್ಟು ಚಿಕ್ಕದಕ್ಕೆ ಅಷ್ಟೊಂದು ಗಲಾಟೆನಾ ಅಂದೆ. ಸೂಲಗಿತ್ತಿ ನಕ್ಕಿದ್ದೇ ನಕ್ಕಿದ್ದು."

"ಇದನ್ನೂ ಅವಳಿಗೆ ಬರೆದಿದ್ಯಾ?"

"ಇಲ್ಲ. ಇದ್ಯಾಕೆ ಅವಳಿಗೆ?"

ಮುಖ ಆಚೆ ತಿರುಗಿಸಿ ಶೂ ಲೇಸು ಕಟ್ಟಿಕೊಂಡೆ. ನಾನು ನಗುತ್ತಿದ್ದದ್ದು ಅಮ್ಮನಿಗೆ ಕಾಣುವುದು ಬೇಡವಿತ್ತು.