ಮಾಸ್ಕೋಗೆ ಹೋದ ನಕಾಶೆ

ಇಳಕಲ್ಲಿನಲ್ಲಿ ಆಗ ನಮ್ಮ ಓಣಿಗೆ ನಳದ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಆವತ್ತು ನೀರಿನ ದಿನ. ನಸುಕಿನಲ್ಲೇ ಎದ್ದು ಹಂಡೆ, ಕೊಡ, ಕೊನೆಗೆ ಹಾಲಿನ ಪಾತ್ರೆಯವರೆಗೂ ತುಂಬಿಸಿ ರೊಟ್ಟಿಗೆ ಕೂತಿದ್ದೆ. ಓಣಿಯ ಆ ತುದಿಯಲ್ಲಿ ಮಗ್ಗಗಳ ಸದ್ದು ಶುರುವಾಗಿತ್ತು. ಎರಡನೇ ರೊಟ್ಟಿ ಹಂಚಿನ ಮೇಲಿದ್ದಾಗ ನಮ್ಮವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು.

"ಮಧ್ಯಾಹ್ನ ಊಟಕ್ಕ ರಷ್ಯಾದಾವ ಬರ್ತಾನ. ಕಲ್ಲಿನ ಆರ್ಡರ್ ಕೊಡಾಂವ. ನೀ ಇಂಗ್ಲಿಷ್ ಮಾತಾಡಬೇಕು."

"ಪತ್ರದಾಗ ಲಾಟ್ವಿಯಾ ಅಂತ ಬರದಾರಲ್ರಿ," ಎಂದೆ. ಆ ಪತ್ರಗಳನ್ನು ಓದಿ ಹೇಳಿದವಳು ನಾನೇ.

"ಎಲ್ಲಾ ಒಂದ ಅದು."

ಕಾನ್ವೆಂಟಿನಲ್ಲಿ ನಾನು ಕಲಿತ ಇಂಗ್ಲಿಷ್ ನಮ್ಮ ಮನೆಗೆ ಬೇಕಾಗಿತ್ತು, ಅದರ ಜೊತೆ ಕಲಿತ ಭೂಗೋಳ ಬೇಕಾಗಿರಲಿಲ್ಲ. ಸೋವಿಯತ್ ದೇಶ ಒಡೆದು ಏಳೆಂಟು ವರ್ಷವಾಗಿತ್ತು. ನಮ್ಮ ಮನೆಯ ಗಂಡಸರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ನಮ್ಮವರು ಮತ್ತು ಅವರ ಪಾಲುದಾರರು ಊರ ಹೊರಗೆ ಗ್ರಾನೈಟ್ ಪಾಲಿಶ್ ಮಾಡುವ ಸಣ್ಣ ಫ್ಯಾಕ್ಟರಿ ನಡೆಸುತ್ತಿದ್ದರು. ಮಷೀನು ನಿಂತು ಎರಡು ತಿಂಗಳಾಗಿತ್ತು. ಹಾಗಾಗಿ ಪಾಲುದಾರರು ಸ್ವಾಗತದಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ನಮ್ಮ ಪಡಸಾಲೆಯ ಗೋಡೆಗೆ ಕೆಂಪು ಬಟ್ಟೆ ಕಟ್ಟಿಸಿದ್ದರು. ಅದರ ಮೇಲೆ 'ರಷ್ಯಾದ ಅತಿಥಿಗೆ ಸುಸ್ವಾಗತ', ಪಕ್ಕದಲ್ಲಿ ಸುತ್ತಿಗೆ ಮತ್ತು ಕುಡಗೋಲು. ನಾವು ಚಿಕ್ಕವರಿದ್ದಾಗ ಸಾಲಿ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದ ನುಣುಪು ಹಾಳೆಯ ರಷ್ಯನ್ ಮಾಸಿಕವೊಂದನ್ನು ಯಾರದೋ ಅಟ್ಟದಿಂದ ಹುಡುಕಿ ತಂದು, ಪೇಂಟರನಿಗೆ ಕೊಟ್ಟು ಬರೆಸಿದ ಚಿತ್ರ ಅದು. ಅಷ್ಟು ಹುಡುಕುವವರು ಒಂದು ಅಟ್ಲಾಸನ್ನೂ ಹುಡುಕಬಹುದಿತ್ತು.

ಬಂದವರು ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಕನ್ನಡ ಓದಲು ಬರದಿದ್ದರೂ ಸುತ್ತಿಗೆ, ಕುಡಗೋಲು ಅವರಿಗೆ ಚೆನ್ನಾಗಿ ಓದಲು ಬರುತ್ತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕುರ್ಚಿಯನ್ನು ತಾವೇ ಎತ್ತಿ, ಬಟ್ಟೆಗೆ ಬೆನ್ನು ಮಾಡಿ ಕೂತರು.

"ಸೆಕಿ ಆಗಿರಬೇಕು," ಎಂದು ಪಾಲುದಾರರು ಫ್ಯಾನು ಜೋರು ಮಾಡಿದರು.

ಊಟದ ನಡುವೆ ಅವರು ಚೀಲದಿಂದ ಕೆತ್ತಬೇಕಾದ ಕಲ್ಲಿನ ನಕಾಶೆ ತೆಗೆದು ಹರಡಿದರು. ನಿಧಾನವಾಗಿ ಹೇಳಿದ್ದನ್ನು ನಾನು ತುಂಡು ತುಂಡಾಗಿ ಕನ್ನಡಕ್ಕೆ ತಂದೆ. ಅವರ ಊರಿನ ರೈಲು ನಿಲ್ದಾಣದಿಂದ ಒಂದು ಕಾಲಕ್ಕೆ ಸೋವಿಯತ್ ಸರ್ಕಾರದವರು ಮಂದಿಯನ್ನು ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಒಯ್ದಿದ್ದರಂತೆ. ಹೋದವರ ಹೆಸರನ್ನು ನಮ್ಮ ಕೆಂಪು ಕಲ್ಲಿನ ಮೇಲೆ ಕೆತ್ತಿಸಿ ಅದೇ ನಿಲ್ದಾಣದ ಪಕ್ಕ ನಿಲ್ಲಿಸಬೇಕು. ನಕಾಶೆಯ ತುಂಬ ಹೆಸರುಗಳಿದ್ದವು, ಹೆಸರಿನ ಮುಂದೆ ಅದನ್ನು ಕೊಟ್ಟ ಮನೆಯವರ ವಿಳಾಸ. ಅದು ಮಾಸ್ಕೋದ ಯಾರ ಕೈಗೂ ಸಿಗಬಾರದು. ಅವರದು ಅದೊಂದೇ ಶರತ್ತು.

"ಯಾಕ ಅಂತ ಕೇಳ್ರಿ ವೈನಿ," ಎಂದರು ಪಾಲುದಾರರು.

ಕೇಳಿದೆ. ಸ್ವಾತಂತ್ರ್ಯ ಬಂದ ಮೇಲೂ ಆ ದೊಡ್ಡ ದೇಶದ ಸೈನ್ಯ ಮೂರು ವರ್ಷ ಅಲ್ಲೇ ಇತ್ತಂತೆ. ಅದರ ಕೊನೆಯ ರಾಡಾರ್ ಠಾಣೆ ಬಂದ್ ಆದದ್ದು ಮೊನ್ನೆ ಮೊನ್ನೆ. ಚಳಿಗಾಲದಲ್ಲಿ ಮನೆ ಕಾಯಿಸುವ ಗ್ಯಾಸು ಆ ಕಡೆಯಿಂದಲೇ ಬರಬೇಕು, ಅದರ ಕೀಲಿ ಅವರ ಕೈಯಲ್ಲಿ. ಇವರ ಕೆಳಗಿನ ಮನೆಯಲ್ಲಿ ಆ ಸೈನ್ಯದ ನಿವೃತ್ತ ಅಧಿಕಾರಿಯೊಬ್ಬರಿದ್ದಾರೆ, ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತಾರೆ. "ಒಳ್ಳೆಯ ಮನುಷ್ಯನೇ. ಆದರೂ ನಮ್ಮ ತಾಯಿ ಎರಡು ಚಿಲಕ ಹಾಕುತ್ತಾಳೆ," ಎಂದರು. ಆ ಸೈನ್ಯ ತಿರುಗಿ ಬರುವುದಿಲ್ಲ ಎಂದು ತಾಯಿಯನ್ನು ನಂಬಿಸಲು ಇನ್ನೂ ಯಾರಿಂದಲೂ ಆಗಿರಲಿಲ್ಲ.

ಪಾಲುದಾರರು ನಕ್ಕರು. "ನಮ್ಮ ಹಳೇ ಬಿಜಾಪುರ ಜಿಲ್ಲಾ ಮೂರ್ನಾಕು ಹಾಸಿದ್ರ ಇವರ ದೇಶ ಮುಗೀತು. ಇದಕ್ಕೊಂದು ಸರ್ಕಾರ, ಇದಕ್ಕೊಂದು ಗಡಿ! ಸುಮ್ಮನ ದೊಡ್ಡವ್ರ ಕೂಡ ಇರಬಾರದ?"

ಎರಡೇ ವರ್ಷದ ಹಿಂದೆ ಬಾಗಲಕೋಟೆ ಬಿಜಾಪುರದಿಂದ ಬೇರೆ ಜಿಲ್ಲೆಯಾದಾಗ ಬಸ್‌ಸ್ಟ್ಯಾಂಡಿನಲ್ಲಿ ಪಟಾಕಿ ಹಚ್ಚಿ, "ಇನ್ನ ಆ ಮಂದಿ ಮುಂದ ಕೈಕಟ್ಟಿ ನಿಲ್ಲೋ ಹಂಗಿಲ್ಲ" ಎಂದು ಭಾಷಣ ಮಾಡಿದವರು ಇವರೇ. ಬಿಜಾಪುರದವರು ಇವರಿಗೆ ಮಾಡಿದ ಅನ್ಯಾಯವೆಂದರೆ ಒಂದು ಸಹಿಗಾಗಿ ಮೂರು ಸಲ ಓಡಾಡಿಸಿದ್ದು. ನಾನು ಅತಿಥಿಯ ತಟ್ಟೆಗೆ ಇನ್ನೊಂದು ಚಮಚೆ ತುಪ್ಪ ಹಾಕಿದೆ. ಪಾಲುದಾರರ ತಟ್ಟೆಗೆ ಹಾಕಲಿಲ್ಲ. ಆಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟೇ.

ಅತಿಥಿ ನನ್ನ ಕಡೆ ತಿರುಗಿ ಕೇಳಿದರು, "ಈ ನಕಾಶೆಯ ಒಂದು ಪ್ರತಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದೆವಲ್ಲ, ಅದನ್ನು ನಿಮ್ಮನ್ನೂ ಈ ಇಬ್ಬರನ್ನೂ ಬಿಟ್ಟು ಬೇರೆ ಯಾರಾದರೂ ನೋಡಿದ್ದಾರೆಯೇ?"

ಕನ್ನಡಕ್ಕೆ ತಂದೆ. ಪಾಲುದಾರರು ರೊಟ್ಟಿ ಮುರಿಯುತ್ತಲೇ ಹೇಳಿದರು, "ಹೋದ ವಾರನ ಮಾಸ್ಕೋದ ನಮ್ಮ ಏಜೆಂಟಗ ಫ್ಯಾಕ್ಸ್ ಮಾಡೇನಿ, ಆ ಕಡೆ ದರ ತಿಳಕೊಳ್ಳಾಕ. ಇಲ್ಲಾ ಅಂದ್ಬಿಡ್ರಿ ವೈನಿ."

ನಮ್ಮವರನ್ನು ನೋಡಿದೆ. ಅವರು ಉಪ್ಪಿನಕಾಯಿಯ ಹೋಳನ್ನು ಬಹಳ ಲಕ್ಷ್ಯಗೊಟ್ಟು ತಿರುಗಿಸುತ್ತಿದ್ದರು. ಮಾಸ್ಕೋ ಬೇಡ ಎಂಬ ಸಾಲು ಮೊದಲ ಪತ್ರದಲ್ಲೇ ಇತ್ತು. ನಾನು ಓದಿ ಹೇಳಿದಾಗ ನಮ್ಮವರು "ಹ್ಞೂಂ, ಹ್ಞೂಂ" ಎಂದು ಚಹಾ ಕುಡಿದಿದ್ದರು. ಮತ್ತೊಮ್ಮೆ ಹೇಳುವ ಉಸಾಬರಿಗೆ ನಾನೂ ಹೋಗಿರಲಿಲ್ಲ.

"ಹೌದು, ಮಾಸ್ಕೋಗೆ ಕಳಿಸಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅತಿಥಿ ಕೂಗಾಡಲಿಲ್ಲ. ನಕಾಶೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿದರು. ಕೈ ತೊಳೆದು, ರೊಟ್ಟಿ ಬಹಳ ರುಚಿಯಾಗಿತ್ತು ಎಂದರು. ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಕಟ್ಟುತ್ತಾ, "ಈಗ ಆ ಮನೆಗಳಿಗೆಲ್ಲ ನಾನೇ ಹೋಗಿ ಹೇಳಬೇಕು," ಎಂದರು. ಅಮೀನಗಡದ ಕರದಂಟಿನ ಡಬ್ಬಿ ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡರು.

ಕಾರು ತಿರುವು ದಾಟುವುದೇ ತಡ, ಪಾಲುದಾರರು ಶುರು ಮಾಡಿದರು. "ಒಂದು ಇಲ್ಲಾ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?"

"ಇಲ್ಲಾ ಅನ್ನಾಕ ನಿಮಗೂ ಬರ್ತದಲ್ರಿ, ಭಾವುಜಿ. ಇಂಗ್ಲಿಷಿನಾಗ ಎರಡ ಅಕ್ಷರ ಅದು."

ನಮ್ಮವರು ಗೋಡೆಯ ಬಟ್ಟೆ ಬಿಚ್ಚಿ, ಫ್ಯಾಕ್ಟರಿಯಲ್ಲಿ ಕಲ್ಲು ಒರೆಸಲು ಬರುತ್ತದೆ ಎಂದು ಎತ್ತಿಟ್ಟರು. ಒರೆಸಲು ಕಲ್ಲು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಮುಂದಿನ ತಿಂಗಳು ಫ್ಯಾಕ್ಟರಿಗೆ ಕೀಲಿ ಬಿತ್ತು. ಪಾಲಿಶ್ ಮಾಡುವವರು ಬೇರೆ ಕಡೆ ಕೆಲಸ ಹಿಡಿದರು. ಅವರೆದುರು ನನಗೆ ಈಗಲೂ ತಲೆ ಎತ್ತಲಾಗುವುದಿಲ್ಲ. ಪಾಲುದಾರರೆದುರು ಎತ್ತುತ್ತೇನೆ.

ಆವತ್ತು ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ನೇಕಾರರ ಸೊಸೆ, ನೂಲಿನ ಲಾಳಿ ಕೈಯಲ್ಲಿ ಹಿಡಿದೇ ಗೋಡೆಯಾಚೆಯಿಂದ ಇಣುಕಿದಳು.

"ಅಕ್ಕಾರ, ರಷ್ಯಾದಾಂವ ನಿಮ್ಮ ಮೆಟ್ಲ ಮ್ಯಾಲ ಕುಂತಾಗ ನೋಡಿದೆ. ಅಷ್ಟ್ ದೊಡ್ಡ ದೇಶದಾವ, ಬೂಟಿಗೆ ತ್ಯಾಪಿ ಹಚ್ಚಿಸ್ಕೊಂಡಾನಲ್ರಿ!"